ನಮ್ಮ ಮನೆಯ ಜೋಡಿ

ನಮ್ಮ ಮನೆಗೆ ಬಂದ ಜೋಡಿ ಮಿಸ್ಸಿಂಗ್ ಮತ್ತು ಲಾಸ್ಟ್. ನಾನು ಸೊಸೆಯಾಗಿ ಈ ಹೊಸ್ತಿಲು ದಾಟಿ ಬಂದ ಮರುದಿನವೇ ಅತ್ತೆ ನನ್ನನ್ನು ಕೋಳಿ ಕೂಗುವ ಹೊತ್ತಿಗೆ ಎಬ್ಬಿಸಿ, ಮುಖಕ್ಕೆ ನೀರು ಹಾಕಿಕೊಳ್ಳಲೂ ಬಿಡದೆ, ಅದೇ ಹೊಸ್ತಿಲ ಮೇಲೆ ತಂದು ನಿಲ್ಲಿಸಿದಳು. "ಕೇಳ್ಕೋ" ಎಂದವಳೇ ಓಣಿಗೆಲ್ಲ ಕೇಳುವಂತೆ ಕೂಗಿದಳು: "ನಮ್ಮ ಕರಿ ಕೋಳಿ ಮಿಸ್ಸಿಂಗ್! ನನ್ನ ಮುಂದಿನ ಹಲ್ಲು ಲಾಸ್ಟ್!" ಆಮೇಲೆ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಅಷ್ಟೇ ಕೆಲಸ. ಒಲೆ ಹೊತ್ತುವ ಮೊದಲು ಎರಡು ಮಾತು ಹೇಳಬೇಕು, ಎರಡೂ ನಿಜವಾಗಿರಬೇಕು, ಒಂದರಲ್ಲಿ ಒಂದು ಪದ, ಇನ್ನೊಂದರಲ್ಲಿ ಇನ್ನೊಂದು. ಹೆರಿಗೆಯಾದ ದಿನವೂ ಹೇಳಿದ್ದೇನೆ, ಗಂಡ ತೀರಿಕೊಂಡ ದಿನವೂ ಹೇಳಿದ್ದೇನೆ. ಜ್ವರ ಬಂದು ಗಂಟಲು ಕಟ್ಟಿದಾಗ ಪಿಸುಗುಟ್ಟಿದ್ದೇನೆ, ಆದರೆ ಬಿಟ್ಟಿಲ್ಲ.

ಊರಿನ ಎಲ್ಲ ಮನೆಗೂ ಹೀಗೆ ಒಂದೊಂದು ಜೋಡಿ ಇದೆ. ಅಣ್ಣತಮ್ಮಂದಿರಂತೆ ಒಂದನ್ನೊಂದು ಹೋಲುವ ಎರಡು ಇಂಗ್ಲಿಷ್ ಪದಗಳು. ಅವು ಒಂದರೊಳಗೊಂದು ಬೆರೆತುಹೋಗದಂತೆ ನೋಡಿಕೊಳ್ಳುವುದು ಆ ಮನೆಯವರ ಹೊಣೆ. ಈ ಪದಗಳು ನಮ್ಮೂರಿಗೆ ಹೇಗೆ ಬಂದವೆಂದು ನನ್ನನ್ನು ಕೇಳಬೇಡಿ. ನೀರು ಸೇದುವವರು ಬಾವಿ ತೋಡಿದವನ ಹೆಸರು ಕೇಳುವುದಿಲ್ಲ. ಹಂಚಿದ ಪುಣ್ಯಾತ್ಮನ ತಲೆ ಮಾತ್ರ ನೆಟ್ಟಗಿರಲಿಲ್ಲ ಎಂದು ಹೇಳಬಲ್ಲೆ. ಮಡಿಯೇ ಮೈವೆತ್ತಂತಿರುವ ಅಯ್ಯನವರ ಮನೆಗೆ ಅವನು ಕಿಚನ್ ಮತ್ತು ಚಿಕನ್ ಕೊಟ್ಟಿದ್ದಾನೆ. ಅವರು ಪ್ರತಿ ಮುಂಜಾನೆ ಎರಡನೆಯದನ್ನು ಹೇಳುವಾಗ ಮೂಗು ಮುಚ್ಚಿಕೊಳ್ಳುತ್ತಾರೆ. ಎದುರು ಮನೆಯ ಫಕೀರವ್ವನ ಪಾಲಿಗೆ ಬಂದದ್ದು ಮರಳುಗಾಡಿನ ಡೆಸರ್ಟು ಮತ್ತು ಊಟದ ಮೇಲೆ ತಿನ್ನುವ ಸಿಹಿಯ ಡಿಸರ್ಟು. ಎರಡನ್ನೂ ಅವಳು ಕಣ್ಣಿಂದ ಕಂಡವಳಲ್ಲ. "ನಮ್ಮೂರಾಗ ಡೆಸರ್ಟ್ ಇಲ್ಲ! ನಮ್ಮನ್ಯಾಗ ಡಿಸರ್ಟ್ ಇಲ್ಲ!" ಎಂದು ಕೂಗಿ ಕದ ಹಾಕಿಕೊಳ್ಳುತ್ತಿದ್ದಳು. ನಿಜ ಹೇಳಬೇಕು ಅಷ್ಟೇ, ಇದೆ ಎಂದೇ ಹೇಳಬೇಕು ಎಂದೇನಿಲ್ಲವಲ್ಲ.

ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. ಇಸಿದುಕೊಳ್ಳುವ ಬಾರೋ ಮತ್ತು ಕೊಡುವ ಲೆಂಡ್ ಕಾಯುತ್ತಿದ್ದ ಪರಸಪ್ಪನ ಮನೆತನಕ್ಕೆ ಮಕ್ಕಳಿರಲಿಲ್ಲ. ಕೊನೆಯ ಮುದುಕಿ ಹೋದ ಮೇಲೆ ಹೇಳುವವರಿಲ್ಲದೆ ಅವೆರಡೂ ಬೆರೆತುಹೋದವು. ಅಂದಿನಿಂದ ನಮ್ಮೂರಿನಲ್ಲಿ ಇಸಿದುಕೊಂಡದ್ದು ಯಾವುದು, ಕೊಟ್ಟದ್ದು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಒನಕೆ ಇದೆ. ನಾನು ತಂದದ್ದೋ, ನನಗೇ ವಾಪಸು ಬಂದದ್ದೋ, ಎಷ್ಟು ತಲೆ ಕೆರೆದುಕೊಂಡರೂ ಹೊಳೆಯುವುದಿಲ್ಲ. ಓಣಿಯಲ್ಲಿ ಜಗಳ ಮಾತ್ರ ಕಡಿಮೆಯಾದವು, ಅದಕ್ಕೆ ಕೆಲವರು ಒಳ್ಳೆಯದೇ ಆಯಿತು ಎಂದರು.

ಮಿಸ್ಸಿಂಗಿಗೂ ಲಾಸ್ಟಿಗೂ ಏನು ಫರಕು ಎಂದು ನಾನು ಒಮ್ಮೆ ಅತ್ತೆಯನ್ನು ಕೇಳಿದ್ದೆ. ಎರಡೂ ಕಾಣದೆ ಹೋದದ್ದೇ ಅಲ್ಲವೇ. ಅವಳು ರೊಟ್ಟಿ ಬಡಿಯುತ್ತ ತಲೆ ಎತ್ತದೆ ಹೇಳಿದಳು: "ಅದು ಹ್ವಾದವ್ರ ಮ್ಯಾಲೆ ಇಲ್ಲ, ಉಳದವ್ರ ಮ್ಯಾಲೆ ಐತಿ. ಕಾಯೋವ್ರು ಇರೂತನಕ ಮಿಸ್ಸಿಂಗ್. ಕಾಯೋವ್ರು ಕೈ ಬಿಟ್ರ ಲಾಸ್ಟ್." "ಹಂಗಾದ್ರ ನಿನ್ನ ಹಲ್ಲು?" ಎಂದೆ. "ನಾ ಏನ್ ಅದನ್ನ ಹುಡುಕಾಕತ್ತೇನೇನ?" ಎಂದಳು. ಆದರೆ ಅದು ನಗುವ ಮಾತಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳ ಸ್ವಂತ ಅಣ್ಣ ಉಪ್ಪಿನ ಗಾಡಿಯವರ ಜೊತೆ ಹೋದವನು ವರ್ಷಗಟ್ಟಲೆ ಬರಲಿಲ್ಲ. ಅವನ ಹೆಂಡತಿ ಒಂದು ಮುಂಜಾನೆ ನಮ್ಮ ಹೊಸ್ತಿಲಿಗೆ ಬಂದು, ಇನ್ನು ಅವನನ್ನು ಲಾಸ್ಟಿನ ಕಡೆ ಹಾಕಿಬಿಡಿ ಎಂದಳು. ಹಾಕಿದರು, ಊರು ಕೂಡಿ ಅತ್ತಿತು, ಎಡೆಯಿಟ್ಟಿತು. ಮುಂದೆ ಒಂದು ಬೇಸಿಗೆಯಲ್ಲಿ ಅವನು ಬಂದ. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದ. ಹೆಂಡತಿ ಹೊರಗೆ ಬಂದು, ದಾರಿಹೋಕರಿಗೆ ಕೊಡುವಂತೆ ಒಂದು ಚೊಂಬು ನೀರು ಕೊಟ್ಟಳು. ಕುಡಿದು ಸ್ವಲ್ಪ ಹೊತ್ತು ನಿಂತು ಹೋದನಂತೆ. ಯಾರೂ ಅವನನ್ನು ತಡೆಯಲಿಲ್ಲ. ಆ ಕಡೆ ಹಾಕಿದವರನ್ನು ಈ ಕಡೆ ತಂದದ್ದು ನಮ್ಮೂರಿನಲ್ಲಿ ಇಲ್ಲ.

ಇನ್ನು ಸುರಂಗದ ಮಾತು. ನಮ್ಮೂರಿನ ಹಿಂದೆ ಕರಿಗುಡ್ಡ ಇದೆ, ಅದರ ಆಚೆಗೆ ಹಳ್ಳ ಹರಿಯುತ್ತದೆ. ಆ ನೀರನ್ನು ಗುಡ್ಡ ಕೊರೆದು ಈಚೆ ತರುತ್ತೇವೆಂದು ಒಂದು ಕಂಪನಿ ಬಂದಿತ್ತು. ಊರಿನ ಗಂಡಸರು ಅದರಲ್ಲೇ ಕೆಲಸಕ್ಕೆ ಸೇರಿಕೊಂಡರು. ಫಕೀರವ್ವನ ಮಗ ಮೌನೇಶನೂ ಸೇರಿದ. ಫಕೀರವ್ವ ನನಗಿಂತ ಒಂದು ಕೈ ಎತ್ತರ, ನನಗಿಂತ ಎರಡು ಕೈ ಜೋರು. ನಾವಿಬ್ಬರೂ ಒಂದೇ ಜಾತ್ರೆಯ ಬಳೆ ತೊಟ್ಟವರು, ಒಂದೇ ವರ್ಷ ಹಡೆದವರು, ಬಚ್ಚಲ ನೀರು ಯಾರ ಕಡೆ ಹರಿಯಬೇಕೆಂದು ಜೀವಮಾನವಿಡೀ ಜಗಳಾಡಿದವರು. ಗಂಡ ಸತ್ತ ಮೇಲೆ ಅವಳಿಗೆ ಮೌನೇಶನೊಬ್ಬನೇ. ನನಗೆ ನನ್ನ ಶಿವಪುತ್ರನೊಬ್ಬನೇ. ಇವನು ದರ್ಜಿ, ಹಾರೆ ಹಿಡಿದವನಲ್ಲ, ಎದೆಯೂ ಅಷ್ಟಕ್ಕಷ್ಟೆ. ಅದಕ್ಕೆ ಕಂಪನಿಯ ಕಡೆ ಸುಳಿಯಲಿಲ್ಲ.

ಒಂದು ಮಧ್ಯಾಹ್ನ ನೆಲ ನಡುಗಿತು. ಅಂಗಳದಲ್ಲಿ ಒಣಹಾಕಿದ ಜೋಳ ಜಿಗಿಯಿತು. ಗುಡ್ಡದ ಕಡೆ ನೋಡಿದರೆ ಧೂಳು. ಸುರಂಗದ ನಡುಭಾಗ ಕುಸಿದು, ಕೆಲಸ ಮಾಡುತ್ತಿದ್ದ ಒಂಬತ್ತು ಮಂದಿ ಒಳಗೇ ಉಳಿದರು. ಕುಸಿದ ಕಲ್ಲಿನ ಕೆಳಗೆ ಸಿಕ್ಕರೋ, ಅದರ ಆಚೆ ಜೀವ ಹಿಡಿದು ಕೂತಿದ್ದಾರೋ ಯಾರಿಗೂ ತಿಳಿಯದು. ಆಚೆ ಕೂತಿದ್ದರೆ ಬದುಕಬಹುದು ಎಂದು ಕೆಲಸ ಮಾಡಿಸುತ್ತಿದ್ದ ಕಂಪನಿಯ ಮುಕಾದಮ ಹೇಳಿದ. ಕೂಲಿಯವರ ಚುರುಮುರಿ, ಬೆಲ್ಲ, ಹಿಟ್ಟಿನ ಚೀಲಗಳನ್ನು ಒಳಗೇ ಇಟ್ಟಿದ್ದರು, ಗುಡ್ಡದ ಒರತೆಯೂ ಇತ್ತು.

ಮರುದಿನ ಮುಂಜಾನೆ ನಾನು ಕದ ತೆರೆದಾಗ ಒಂಬತ್ತು ಮನೆಯವರೂ ನನ್ನ ಹೊಸ್ತಿಲ ಮುಂದೆ ಕೂತಿದ್ದರು. ಅಲ್ಲಿಯವರೆಗೆ ನಾನು ಕೂಗಿಕೊಂಡಿದ್ದದ್ದು ಕೋಳಿ, ಕುರಿಮರಿ, ಹಲ್ಲು, ಕಿವಿಯೋಲೆ ಅಷ್ಟೆ. ಒಂಬತ್ತು ಹೆಸರೂ ಒಂದೊಂದಾಗಿ ಹೇಳಿ ಮಿಸ್ಸಿಂಗ್ ಎಂದೆ. ಮೌನೇಶನ ಹೆಸರು ಬಂದಾಗ ಫಕೀರವ್ವ "ಹ್ಞೂಂ" ಎಂದಳು, ಕೂಗಿದಾಗ ಓಗೊಡುವಂತೆ. ಎರಡನೆಯ ಮಾತಿಗೆ ನನ್ನ ಗಂಡನ ಹೆಸರು ಹೇಳಿ ಮುಗಿಸಿದೆ.

ನಮ್ಮೂರಿನ ಪದ್ಧತಿ ಹೀಗೆ: ಲಾಸ್ಟ್ ಆದವರಿಗೆ ಅಳಬೇಕು, ಮಿಸ್ಸಿಂಗ್ ಆದವರನ್ನು ಹುಡುಕಬೇಕು. ಕಾಯುವವರ ಮನೆಯಿಂದ ಮೊದಲ ಆಳು, ಆಮೇಲೆ ಊರಿನ ಮನೆಮನೆಯಿಂದ ಸರದಿಯಂತೆ ಒಬ್ಬೊಬ್ಬರು. ಮನೆಯಲ್ಲಿ ಗಂಡಾಳಿಲ್ಲದ ಫಕೀರವ್ವ ತಾನೇ ಸೆರಗು ಕಟ್ಟಿ ಬುಟ್ಟಿ ಹೊತ್ತಳು. ಮೊದಮೊದಲು ಹುರುಪಿನಿಂದ ಅಗೆದರು. ಆದರೆ ಆ ಗುಡ್ಡ ಒಳ್ಳೆಯದಲ್ಲ. ಒಂದು ಬುಟ್ಟಿ ತೆಗೆದರೆ ಎರಡು ಬುಟ್ಟಿ ಮೇಲಿನಿಂದ ಜಾರುತ್ತಿತ್ತು. ಯಮನಪ್ಪ ಎಂಬ ಕುಂಬಾರ ಅಗೆಯುವಾಗಲೇ ಬಂಡೆ ಬಿದ್ದು ಸತ್ತ. ಮುಂದಿನ ವಾರ ಎಣ್ಣೆ ಗಾಣದವರ ಅಳಿಯ. ಹೆಣಗಳು ಕಣ್ಣೆದುರೇ ಇದ್ದವು, ಕಾಯುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ಅವರ ಹೆಸರನ್ನು ಎರಡನೆಯ ಮಾತಿನಲ್ಲಿ ಹೇಳಿದೆ. ಯಮನಪ್ಪನ ಹೆಂಡತಿ ನೀರಿಗೆ ಹೋಗುವಾಗ ನನ್ನ ಮನೆಯ ಮುಂದೆ ಉಗುಳಿ ಹೋಗತೊಡಗಿದಳು. ನಾನು ಒಂದು ಚೊಂಬು ನೀರು ಹಾಕಿ ತೊಳೆಯುತ್ತಿದ್ದೆ. ನಾನು ಮಿಸ್ಸಿಂಗ್ ಎಂದದ್ದಕ್ಕೇ ಅಲ್ಲವೇ ಅವಳ ಗಂಡ ಅಗೆಯಲು ಹೋದದ್ದು.

ಆಮೇಲೆ ಒಬ್ಬೊಬ್ಬರೇ ಬರತೊಡಗಿದರು. ಮೊದಲು ಬಂದವಳು ಸಾವಂತ್ರೆವ್ವ, ಒಳಗೆ ಉಳಿದ ಒಬ್ಬನ ಹೆಂಡತಿ, ಇನ್ನೂ ಹುಡುಗಿ. ಮೂರು ಹೊತ್ತೂ ಬಾಗಿಲು ನೋಡಿ ನೋಡಿ ಕಣ್ಣ ಸುತ್ತ ಕಪ್ಪಾಗಿತ್ತು.

"ಅಕ್ಕಾ, ನಮ್ಮನಿಯವ್ರನ್ನ ಆ ಕಡೆ ಹಾಕಿಬಿಡ" ಎಂದಳು. "ಸಪ್ಪಳಾದ್ರ ಎದ್ದು ಕುಂದರತೇನಿ. ಸಪ್ಪಳಾಗದಿದ್ರನೂ ಎದ್ದು ಕುಂದರತೇನಿ. ನನ್ನ ಕೈಲೆ ಆಗೂದಿಲ್ಲ."

"ವಿಚಾರ ಮಾಡೀಯೇನ? ಆಮ್ಯಾಲೆ ಈ ಕಡೆ ತರಾಕ ಬರೂದಿಲ್ಲ."

"ಗೊತ್ತೈತಿ."

ನಾನು ಹೇಳಿದೆ. ಹೇಳಿದ್ದೇ ತಡ ಅವಳ ಭುಜ ಕೆಳಗಿಳಿಯಿತು, ತಲೆಯ ಮೇಲಿನ ಹೊರೆ ಇಳಿಸಿದವರ ಹಾಗೆ. ಗಟ್ಟಿಯಾಗಿ ಅತ್ತಳು, ಊರು ಕೂಡಿ ಅತ್ತಿತು, ಎಡೆಯಿಟ್ಟಿತು. ಸಂಜೆಗೆ ಅವಳು ಎರಡು ರೊಟ್ಟಿ ತಿಂದು ಮಲಗಿದಳಂತೆ. ಇದನ್ನು ಕೇಳಿದ ಮೇಲೆ ಉಳಿದವರಿಗೂ ತಾಳ್ಮೆ ಉಳಿಯಲಿಲ್ಲ. ಇವತ್ತು ಒಬ್ಬ ತಂದೆ, ನಾಳೆ ಒಬ್ಬ ಅಣ್ಣ. ಮುಂಜಾನೆಯ ಮೊದಲನೆಯ ಮಾತು ಚಿಕ್ಕದಾಗುತ್ತ ಬಂತು, ಎರಡನೆಯದು ಉದ್ದವಾಗುತ್ತ ಹೋಯಿತು. ಕಡೆಗೆ ಮೊದಲನೆಯದರಲ್ಲಿ ಮೌನೇಶನೊಬ್ಬನೇ ಉಳಿದ. ಹೊಸ್ತಿಲ ಮುಂದೆ ಫಕೀರವ್ವನೊಬ್ಬಳೇ ಉಳಿದಳು.

ಒಬ್ಬ ತಾಯಿಯ ಹಟಕ್ಕೆ ಊರೆಲ್ಲ ಸಾಯಬೇಕೇ ಎಂಬ ಮಾತು ಹುಟ್ಟಿತು. ಆದರೆ ಫಕೀರವ್ವನ ಬಾಯಿಗೆ ಹೆದರಿ ಯಾರೂ ಅವಳ ಬಾಗಿಲಿಗೆ ಹೋಗಲಿಲ್ಲ. ನನ್ನ ಬಾಗಿಲಿಗೆ ಬಂದರು. ಊರ ಹಿರಿಯ ತೋಟಪ್ಪಗೌಡರು, ಅವರ ಹಿಂದೆ ಕಂಪನಿಯ ಮುಕಾದಮ. ಗೌಡರು ಒಳ್ಳೆಯವರೇ, ಮಾತಾಡುವ ಮೊದಲು ಎಲೆಅಡಿಕೆ ಹಾಕಿಕೊಳ್ಳುವವರು.

"ಬಾಳವ್ವ, ನಿನಗ ಹೇಳಿಕೊಡೂವಷ್ಟು ನಾ ಶ್ಯಾಣ್ಯಾ ಅಲ್ಲ" ಎಂದರು. "ಒಂದ್ ನಾಕು ದಿನ ಮುಂಜಾನೆ ಸುಮ್ನ ಇದ್ದುಬಿಡು. ಎರಡೂ ಮಾತು ತಾವಽ ಕೂಡ್ಕೋತಾವ. ಪರಸಪ್ಪನ ಮನಿ ಜೋಡಿ ಕೂಡಿತು, ಏನ್ ಆಕಾಶ ಬಿತ್ತೇನು?"

"ಅದು ಒನಕಿ ಮಾತು ಗೌಡ್ರ, ಇದು ಮನಷ್ಯಾನ ಮಾತು."

"ಅಗಿಯೋವ್ರೂ ಮನಷ್ಯಾರಽ ಅಲ್ಲೇನ?" ಎಂದ ಮುಕಾದಮ. ಮೊದಲ ದಿನದ ಮೇಲೆ ಬಾಯಿ ಬಿಡದವನು ಈಗ ಮನುಷ್ಯರ ಲೆಕ್ಕ ಹೇಳುತ್ತಾನೆ. ನಾನು ಅವನಿಗೆ, "ಗುಡ್ಡ ಕುಸಿತೈತಿ ಅಂತ ಮೊದಲಽ ಹೇಳಿದ್ದ ಗಂಗಣ್ಣನ್ನ ಕೆಲಸದಿಂದ ಬಿಡಿಸಿದವ್ರು ಯಾರಪಾ?" ಎಂದೆ. ಅವನು ಗೌಡರ ಮುಖ ನೋಡಿದ. ಆದರೂ ಅವನ ಮಾತು ಸುಳ್ಳಲ್ಲ. ಅಗೆಯುವವರೂ ಮನುಷ್ಯರೇ. ಗೌಡರು ಎದ್ದು ಹೋಗುವಾಗ ಮೆಲ್ಲಗೆ ಒಂದು ಮಾತು ಅಂದರು: "ನಾಳಿಂದ ನಿಮ್ಮನಿ ಪಾಳಿ ಐತಿ ಬಾಳವ್ವ. ನಿಮ್ಮ ಹುಡುಗಂದು."

ನನಗೆ ಗೊತ್ತಿರಲಿಲ್ಲವೆಂದಲ್ಲ. ಮನೆಮನೆಯ ಸರದಿ ಓಣಿಯ ಆ ತುದಿಯಿಂದ ಈ ತುದಿಗೆ ಬರುತ್ತಿರುವುದನ್ನು ನೋಡುತ್ತಲೇ ಇದ್ದೆ. ಶಿವಪುತ್ರ ಮಷೀನಿನ ಮುಂದೆ ಕೂತಿದ್ದ, ಹೊಲಿಯುತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡಿದ್ದ.

"ಅವ್ವಾ, ನನಗ ಅಂಜಿಕಿ ಬರತೈತಿ" ಎಂದ.

ಇಷ್ಟು ದೊಡ್ಡವನಾದ ಮೇಲೆ ಅವನು ಹಾಗೆ ಹೇಳಿದ್ದು ಅದೇ ಮೊದಲು. ನನಗೆ ಸಿಟ್ಟು ಬಂತು. "ಮೌನೇಶಗ ಅಂಜಿಕಿ ಬರಾಕಿಲ್ಲೇನ?" ಎಂದೆ.

"ನಾ ಇಲ್ಲಂದ್ನ್ಯಾ? ಅವನೂ ನಾನೂ ಕೂಡಿ ಆಡಿದವ್ರು. ಆದ್ರ ಅವ ಇದ್ದಾನೋ ಇಲ್ಲೋ ಯಾರಿಗೂ ಗೊತ್ತಿಲ್ಲ. ನಾ ಇದ್ದೇನಿ. ಇಲ್ಲೇ ಕುಂತೇನಿ. ನೀ ಒಂದ್ ಸ್ವಲ್ಪ ದಿನ ಸುಮ್ನಿದ್ರ ಆತು."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ನನಗೆ ನನ್ನ ಮಗ ಬೇಕಾಗಿತ್ತು. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ. ಆದರೆ ಸುಮ್ಮನಿದ್ದರೆ ಮೌನೇಶನೊಬ್ಬನೇ ಹೋಗುವುದಿಲ್ಲ. ಮುಂದೆ ಕಾಣದೆ ಹೋಗುವ ಪ್ರತಿಯೊಬ್ಬರೂ ಹೋದ ಗಳಿಗೆಯಲ್ಲೇ ಹೋದಂತೆ. ಸಂತೆಯಲ್ಲಿ ಮಗು ಕೈ ತಪ್ಪಿಸಿಕೊಂಡರೆ ತಾಯಿ ಹುಡುಕುವುದಿಲ್ಲ, ಅಲ್ಲೇ ಕೂತು ಅಳುತ್ತಾಳೆ, ಕಣ್ಣೊರೆಸಿಕೊಂಡು ಮನೆಗೆ ಬರುತ್ತಾಳೆ. ಅಂಥ ಊರಿನಲ್ಲಿ ನನ್ನ ಮಗನನ್ನು ಉಳಿಸಿಕೊಂಡು ಏನು ಮಾಡಲಿ? ಅವನನ್ನು ಗುಡ್ಡಕ್ಕೆ ಕಳಿಸಲೂ ಮನಸ್ಸಾಗಲಿಲ್ಲ. ಉಳಿದದ್ದು ಒಂದೇ ದಾರಿ, ಅದು ಎದುರು ಮನೆಯಲ್ಲಿತ್ತು. ದೀಪ ಹಚ್ಚುವ ಹೊತ್ತಿಗೆ ಓಣಿ ದಾಟಿದೆ.

ಫಕೀರವ್ವ ಕಲ್ಲಿನ ಬುಟ್ಟಿ ಹೊತ್ತು ಬಂದವಳು ಕಾಲು ಚಾಚಿ ಕೂತು ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಮೌನೇಶನ ಅಂಗಿ ಗೂಟದಲ್ಲಿತ್ತು. ನಾನು ಕೂತೆ. ಮಳೆಯ ಮಾತಾಡಿದೆ, ಎಮ್ಮೆಯ ಮಾತಾಡಿದೆ. ಅವಳು ಸ್ವಲ್ಪ ಹೊತ್ತು ಕೇಳಿ, "ನಾಳೆ ಶಿವಪುತ್ರನ ಪಾಳಿ, ಅಲ್ಲ?" ಎಂದಳು.

"ಹೂಂ."

"ಕೇಳಾಕ ಬಂದೀಯೇನ?"

"ಇಲ್ಲ" ಎಂದೆ. ನನ್ನ ಧ್ವನಿ ನನಗೇ ಸುಳ್ಳೆನಿಸಿತು. ಆಮೇಲೆ, "ಹೌದು, ಕೇಳಾಕ ಬಂದೇನಿ. ಬಾಯಿ ಬರವಲ್ಲದು" ಎಂದೆ.

ಅವಳು ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಎಣ್ಣೆ ಬಟ್ಟಲನ್ನು ಗೋಡೆಗೆ ಒತ್ತಿಟ್ಟಳು. "ನೀ ದಿನಾ ಮುಂಜಾನೆ ಅವನ ಹೆಸರು ಹಿಡದು ಕೂಗತಿದ್ದಿ" ಎಂದಳು. "ಕೂಗಿದಾಗೊಮ್ಮೆ ಅವ ಎಲ್ಲೋ ಇದ್ದಂಗ ಅನಸತಿತ್ತು. ಅಷ್ಟರ ಮ್ಯಾಲೇ ಆ ದಿನ ಕಳೀತಿತ್ತು." ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡಳು, ಸಿಟ್ಟಿನಿಂದಲ್ಲ, ಎಣ್ಣೆಯ ಕೈ ಎಂದು. "ಹೋಗ ನೀ, ಮುಂಜಾನೆ ಬರತೇನಿ" ಎಂದಳು.

ಬಂದಳು. ನಾನು ಕದ ತೆರೆಯುವ ಮೊದಲೇ ಬಂದು ನಿಂತಿದ್ದಳು, ಕೂತಿರಲಿಲ್ಲ. ತಲೆ ಬಾಚಿಕೊಂಡಿದ್ದಳು. ಶಿವಪುತ್ರ ನನ್ನ ಹಿಂದೆ ಹಾರೆ ಹಿಡಿದು ನಿಂತಿದ್ದ, ಅವನ ಕೈಯಲ್ಲಿ ಅದು ಬೇರೆಯವರ ಮಗುವಿನಂತೆ ಕಾಣುತ್ತಿತ್ತು. ಫಕೀರವ್ವ ಅವನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಮೌನೇಶನ್ನ ಆ ಕಡೆ ಹಾಕು" ಎಂದಳು.

"ಫಕೀರವ್ವಾ—"

"ಹಾಕಂದೆ ಹಾಕು. ನಿನ್ನ ಜೋಡಿ ಜಗಳಾಡೂವಷ್ಟು ಶಕ್ತಿ ಇಲ್ಲ ನನಗಿವತ್ತ."

ನಾನು ಹೇಳಿದೆ. "ನಮ್ಮ ಬಿಳಿ ಹುಂಜ ಮಿಸ್ಸಿಂಗ್. ಮೌನೇಶ ಲಾಸ್ಟ್." ಹುಂಜ ನಿಜವಾಗಿಯೂ ಎರಡು ದಿನದಿಂದ ಇರಲಿಲ್ಲ. ಅಷ್ಟು ದೊಡ್ಡ ಮಾತಿನ ಪಕ್ಕ ಅದನ್ನು ಹೇಳಬೇಕಾಗಿ ಬಂತಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ಫಕೀರವ್ವನ ಭುಜ ಇಳಿಯುವುದನ್ನು ನೋಡಿದೆ. ಅವಳು ಹೊಸ್ತಿಲ ಮೇಲೆ ಕುಸಿದು ಕೂತು, ಎದೆ ಬಡಿದುಕೊಂಡು ಅತ್ತಳು. ಊರು ಬಂತು, ಅತ್ತಿತು. ಶಿವಪುತ್ರ ಹಾರೆಯನ್ನು ಮೂಲೆಗಿಟ್ಟು ಮಷೀನಿನ ಮುಂದೆ ಕೂತ. ಆ ದಿನ ಇಡೀ ಅದನ್ನು ತುಳಿಯಲಿಲ್ಲ. ಮೂರನೆಯ ದಿನ ಫಕೀರವ್ವ ಮಗನ ಅಂಗಿಯನ್ನು ಯಾರಿಗೋ ಕೊಟ್ಟಳು. ಐದನೆಯ ದಿನ ಬಚ್ಚಲ ನೀರಿನ ಬಗ್ಗೆ ನನ್ನ ಜೊತೆ ಜಗಳ ತೆಗೆದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬೇಕೆಂದೇ ಸೋತೆ.

ಹುಡುಕುವವರು ಯಾರೂ ಇಲ್ಲವಾದ ಮೇಲೆ ಕಂಪನಿ ಸುರಂಗದ ಬಾಯಿ ಮುಚ್ಚಲು ಹೊರಟಿತು. ಬೇರೆ ಕಡೆಯಿಂದ ಕೊರೆಯುತ್ತಾರಂತೆ. ಮುಚ್ಚುವ ದಿನ ಊರಿನವರೆಲ್ಲ ಹೂವು, ಕಾಯಿ ತೆಗೆದುಕೊಂಡು ಹೋದೆವು. ಗಾರೆಯವರು ಕಲ್ಲಿನ ಮೇಲೆ ಕಲ್ಲಿಟ್ಟು ಎದೆಮಟ್ಟ ಕಟ್ಟಿದ್ದರು. ಅಯ್ಯನವರು ಮಂತ್ರ ಹೇಳಿ ಮುಗಿಸಿ ಎಲ್ಲರೂ ಒಂದು ಗಳಿಗೆ ಸುಮ್ಮನೆ ನಿಂತಾಗ ಒಳಗಿನಿಂದ ಸದ್ದು ಬಂತು.

ಟಕ್, ಟಕ್, ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್, ಟಕ್, ಟಕ್. ಕಬ್ಬಿಣದಿಂದ ಕಲ್ಲಿಗೆ ಬಡಿಯುವ ಸದ್ದು. ದೂರದ್ದು, ಆದರೆ ತಪ್ಪಿಲ್ಲದ್ದು.

ನನ್ನ ಮೈಯೆಲ್ಲ ಕಿವಿಯಾಯಿತು. ಸುತ್ತ ನೋಡಿದೆ. ಎಲ್ಲರಿಗೂ ಕೇಳಿಸಿತ್ತು. ಒಬ್ಬರ ಮುಖವೂ ಬದಲಾಗಿರಲಿಲ್ಲ. ಗಾರೆಯವನು ಕರಣೆಯಿಂದ ಸುಣ್ಣ ಸವರುತ್ತಲೇ ಇದ್ದ. "ಗೌಡ್ರ, ಯಾರೋ ಬಡಿಯಾಕತ್ತಾರ!" ಎಂದೆ.

"ಹೂಂ, ಕೇಳಸ್ತು" ಎಂದರು ತೋಟಪ್ಪಗೌಡರು. "ಲಾಸ್ಟ್ ಆದವ್ರು ಸಪ್ಪಳ ಮಾಡಬಾರದು ಅಂತೇನಿಲ್ಲಲ್ಲ ಬಾಳವ್ವ. ಪಾಪ." ಅವರ ಕಣ್ಣಲ್ಲಿ ನೀರೂ ಇತ್ತು. ಸಾವಂತ್ರೆವ್ವ ಸದ್ದು ಬಂದ ಕಡೆಗೆ ಕೈ ಮುಗಿದು, ಇನ್ನೊಂದು ಹೂವು ಇಟ್ಟಳು.

ನಾನು ಫಕೀರವ್ವನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಅವಳ ಕೈಯನ್ನು ಕಲ್ಲಿಗೆ ಒತ್ತಿ ಹಿಡಿದೆ. ಬಡಿತ ಅಂಗೈಗೆ ತಾಗುತ್ತಿತ್ತು. "ಯಾರೋ ಒಬ್ಬವ ಜೀವಂತ ಅದಾನ! ನಿನ್ನ ಮಗ ಇರಬೇಕು, ಫಕೀರವ್ವಾ!" ಎಂದು ಕಿರುಚಿದೆ.

ಅವಳು ಸ್ವಲ್ಪ ಹೊತ್ತು ಕೈ ಇಟ್ಟುಕೊಂಡೇ ನಿಂತಳು. ಆಮೇಲೆ ನನ್ನ ತಲೆ ಸವರಿದಳು. "ನನ್ನ ಮಗ ಲಾಸ್ಟ್ ಆಗ್ಯಾನಲ್ಲ ಬಾಳವ್ವ" ಎಂದಳು. "ನೀನಽ ಹೇಳೀದಿ. ಬಾ, ಬಿಸಲಾಗ ನಿಂತು ತಲಿ ತಿರಗೇತಿ ನಿನಗ." ಅವಳ ಧ್ವನಿಯಲ್ಲಿ ಸುಳ್ಳಿರಲಿಲ್ಲ, ನಟನೆಯಿರಲಿಲ್ಲ. ನನ್ನ ಅತ್ತೆಯ ಅತ್ತಿಗೆ ತನ್ನ ಗಂಡನಿಗೆ ಆ ಚೊಂಬು ನೀರು ಕೊಟ್ಟಾಗ ಹೇಗಿದ್ದಿರಬೇಕೆಂದು ಆಗ ನನಗೆ ಅರ್ಥವಾಯಿತು. ಮೌನೇಶ ಹೋಗಿರಲಿಲ್ಲ. ಹೋದವಳು ನನ್ನ ಫಕೀರವ್ವ. ನನ್ನ ಮಗನಿಗಾಗಿ ಹೋದಳು.

ಸುಣ್ಣ ಹಸಿಯಿತ್ತು. ನಾನು ಕೈಯಿಂದಲೇ ಕಲ್ಲು ಕೀಳಲು ನೋಡಿದೆ. ನಾಲ್ಕು ಜನ ಹಿಡಿದು, ಪಾಪ ಪಾಪ ಎನ್ನುತ್ತ, ಮನೆಗೆ ತಂದು ಬಿಟ್ಟರು.

ಮರುದಿನ ಹೊಸ್ತಿಲ ಮೇಲೆ ನಿಂತೆ. ಆ ಕಡೆಯವರನ್ನು ಈ ಕಡೆ ಯಾರೂ ತಂದಿಲ್ಲ ಎಂದು ಗೊತ್ತಿತ್ತು. ಆದರೆ ತರಬಾರದು ಎಂದು ನನ್ನ ಅತ್ತೆ ಹೇಳಿರಲಿಲ್ಲ. ಕಾಯುವವರು ಬೇಕು ಎಂದಿದ್ದಳು ಅಷ್ಟೆ. ಹೆತ್ತವಳೇ ಕಾಯಬೇಕು ಎಂದೂ ಹೇಳಿರಲಿಲ್ಲ. ಊರಿಗೆಲ್ಲ ಕೇಳುವಂತೆ ಕೂಗಿದೆ: "ಮೌನೇಶ ಮಿಸ್ಸಿಂಗ್!"

ಓಣಿಯ ಕದಗಳು ಒಂದೊಂದಾಗಿ ತೆರೆದವು. ತೋಟಪ್ಪಗೌಡರು ಪಂಚೆ ಕಟ್ಟಿಕೊಳ್ಳುತ್ತ ಬಂದರು. "ಏನಿದು ಹುಚ್ಚು? ಅವನ್ನ ಯಾರ್ ಕಾಯಾಕತ್ತಾರ?"

"ನಾ ಕಾಯಾಕತ್ತೇನಿ."

"ಹಂಗಾದ್ರ ಕಾಯೋವ್ರ ಮನಿಯಿಂದ ಮೊದಲ ಆಳು" ಎಂದರು ಗೌಡರು. ಕಟುವಾಗಿ ಹೇಳಲಿಲ್ಲ. ನಾನು ಅಲ್ಲಿಗೇ ನಿಲ್ಲುತ್ತೇನೆ ಎಂದುಕೊಂಡಿದ್ದರು.

ನಾನು ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಹೇಳಲಾಗುತ್ತಿರಲಿಲ್ಲ. "ನಾನಽ ಬರತೇನಿ" ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಮೂಲೆಯಲ್ಲಿ ಕಬ್ಬಿಣ ನೆಲಕ್ಕೆ ತಾಗಿದ ಸದ್ದಾಯಿತು. ಶಿವಪುತ್ರ ಹೊರಗೆ ಬಂದ. ಕೊರಳಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅದನ್ನು ತೆಗೆದು ನನ್ನ ಕೈಗಿಟ್ಟ.

"ಇನ್ನೂ ಅಂಜಿಕಿ ಐತಿ ಅವ್ವಾ" ಎಂದ. "ಆದ್ರ ನಿನ್ನೆ ನನಗೂ ಕೇಳಸ್ತು."

ಕೇಳಿಸಿದ್ದು ಎಲ್ಲರಿಗೂ, ಅದರ ಅರ್ಥ ಆದದ್ದು ನಮ್ಮಿಬ್ಬರಿಗೇ. ಆ ಎರಡು ಮಾತು ಬೆರೆಯದಂತೆ ಕಾಯುವ ಮನೆಯಲ್ಲೇ ಹುಟ್ಟಿ ಬೆಳೆದವನಲ್ಲವೇ ಅವನು. ಊರಿನವರು ನೋಡುತ್ತ ನಿಂತರು, ಸುರಂಗದ ಬಾಯಿಗೆ ಕಟ್ಟಿದ್ದ ಗೋಡೆಯನ್ನು ಅವನು ಕೆಡವಿದ. ಅವನ ಹಿಂದೆ ಯಾರೂ ಹೋಗಲಿಲ್ಲ. ಲಾಸ್ಟ್ ಆದವನಿಗಾಗಿ ಅಗೆಯುವುದು ಅವರಿಗೆ ಅರ್ಥವಾಗದ ಮಾತು. ನಾನು ಬುಟ್ಟಿ ಹೊತ್ತೆ. ಅವನ ಹಾರೆಯ ಸದ್ದು ಒಳಗೊಳಗೆ ಹೋಯಿತು, ಆಚೆಯ ಬಡಿತ ಅದಕ್ಕೆ ಉತ್ತರ ಕೊಟ್ಟಿತು. ಅರ್ಧ ದಿನ ಹಾಗೆ ಎರಡೂ ಒಂದಕ್ಕೊಂದು ಕರೆಯುತ್ತಿದ್ದವು. ನಾನು ಬುಟ್ಟಿ ಸುರಿಯಲು ಹೊರಗೆ ಬಂದಾಗ ನೆಲ ನಡುಗಿತು. ಧೂಳು ಇಳಿದ ಮೇಲೆ ಕಿವಿಗೊಟ್ಟು ನಿಂತೆ. ಎರಡೂ ಕೇಳಿಸಲಿಲ್ಲ.

ಅಂದಿನಿಂದ ಪ್ರತಿ ಮುಂಜಾನೆ ಫಕೀರವ್ವ ನನ್ನ ಹೊಸ್ತಿಲ ಬಳಿ ಬಂದು ಕೂರುತ್ತಾಳೆ. ನಾನು ನಿದ್ದೆ ಮಾಡುವುದಿಲ್ಲ, ಊಟ ಮಾಡುವುದಿಲ್ಲ ಎಂದು ಅವಳಿಗೆ ಚಿಂತೆ. ಬಟ್ಟಲಿನಲ್ಲಿ ಅಂಬಲಿ ತಂದಿರುತ್ತಾಳೆ, ಕುಡಿಯುವವರೆಗೂ ಬಿಡುವುದಿಲ್ಲ. "ಶಿವಪುತ್ರನ್ನ ಆ ಕಡೆ ಹಾಕಿಬಿಡ ನಮ್ಮವ್ವ" ಎನ್ನುತ್ತಾಳೆ. "ನಾ ಹಾಕಲಿಲ್ಲೇನ? ಹಾಕಿದ ಮ್ಯಾಲೆ ಏನೂ ಅನಸೂದಿಲ್ಲ. ನಿನ್ನಾಣಿ." ಅವಳಷ್ಟು ಪ್ರೀತಿಯಿಂದ ನನಗೆ ಯಾರೂ ಮಾತಾಡುವುದಿಲ್ಲ.

ನಾನು ಬಟ್ಟಲು ಅವಳ ಕೈಗೆ ಕೊಟ್ಟು ಎದ್ದು ನಿಲ್ಲುತ್ತೇನೆ. "ಮೌನೇಶ ಮಿಸ್ಸಿಂಗ್! ಶಿವಪುತ್ರ ಮಿಸ್ಸಿಂಗ್!" ಎಂದು ಕೂಗುತ್ತೇನೆ. ಎರಡನೆಯ ಮಾತಿಗೆ ಬಹಳ ದಿನ ಸತ್ತವರ ಹೆಸರುಗಳನ್ನೇ ಹೇಳಿದೆ. ಒಂದು ದಿನ ಫಕೀರವ್ವ ಮೊದಲಿನಂತಾದಾಳು, ಮೌನೇಶ ಎಂದಾಗ ಹ್ಞೂಂ ಎಂದಾಳು ಎಂದು ಅವಳ ಮುಖ ನೋಡುತ್ತಿದ್ದೆ. ಇವತ್ತು ನೋಡುವುದು ಬಿಟ್ಟೆ. "ಫಕೀರವ್ವ ಲಾಸ್ಟ್" ಎಂದೆ.

"ಅಯ್ಯ ಇಕಿನ, ಇಲ್ಲೇ ಕುಂತೇನಲ್ಲಽ!" ಎಂದು ಅವಳು ನಕ್ಕಳು.

ನಾನು ಹಾರೆ ಹೆಗಲಿಗಿಟ್ಟುಕೊಂಡು ಗುಡ್ಡದ ಕಡೆ ಹೊರಟೆ.